ಹೊರಟವರನ್ನು ಕೇಳಬಾರದು

ನನ್ನ ಅಕ್ಕ ಶಾಂತಕ್ಕನ ಗಂಡ ವೆಂಕೋಬ ಗಂಗಾವತಿಯ ಒಂದು ಲಾಡ್ಜಿನಲ್ಲಿ ಸಪ್ಲೈಯರ್ ಆಗಿದ್ದ. ಹಂಪಿ ನೋಡಲು ಬಂದ ಬಿಳಿಯರು ಹರಗೋಲಿನಲ್ಲಿ ಹೊಳೆ ದಾಟಿ ಆನೆಗೊಂದಿಗೆ ಬರುತ್ತಿದ್ದರು. ಹೊಟ್ಟೆ ಹಸಿದವರು ಗಂಗಾವತಿ ತನಕವೂ ಬರುತ್ತಿದ್ದರು. ಅವರಿಗೆ ಖಾರ ಕಡಿಮೆ ಮಾಡಿಸಿ ಉಪ್ಪಿಟ್ಟು ಕೊಡುವುದು, ಅವರ ಇಂಗ್ಲಿಷನ್ನು ಮೂಗಿನಲ್ಲೇ ಕಲಿತುಕೊಳ್ಳುವುದು, ಎರಡೂ ವೆಂಕೋಬನ ಪಾಲಿಗೆ ಬಿದ್ದಿದ್ದವು. ಕೊಪ್ಪಳದ ಮಗ್ಗುಲಿನ ಭಾಗ್ಯನಗರದ ಮನೆಗೆ ಬಂದಾಗ ಹೆಗಲಿಗೆ ಟವೆಲ್ ಹಾಕಿ, ಅಕ್ಕನ ಮುಂದೆ ಬಗ್ಗಿ, "ಎಸ್ ಮೇಡಂ, ವಾಟ್ ಯು ವಿಲ್ ಟೇಕ್?" ಎನ್ನುತ್ತಿದ್ದ.

"ನಿಮ್ಮವ್ವಗ ಕೇಳ್ರಿ. ಆಕಿ ಸರಿಯಾಗಿ ತಗೋತಾಳ ನಿಮ್ಮನ್ನ," ಎಂದು ಅಕ್ಕ ನಗುತ್ತಿದ್ದಳು.

ಅದು ಎಂಬತ್ತೆರಡನೆಯ ಇಸವಿ. ಅರಬರ ದೇಶಗಳಲ್ಲಿ ದೊಡ್ಡ ಹೋಟೆಲುಗಳು ಏಳುತ್ತಿವೆ, ಪ್ರವಾಸಿಗಳಿಗೆ ಊಟ ಬಡಿಸಲು ಜನ ಬೇಕಂತೆ ಎಂದು ಸುದ್ದಿ. ಗಂಗಾವತಿಯ ಅಕ್ಕಿ ಗಿರಣಿಯೊಂದರ ಮೇಲಿನ ಕೋಣೆಯಲ್ಲಿ ಒಬ್ಬ ಏಜೆಂಟ ಬಂದು ಕೂತ. ಮಸ್ಕಾ ಹಚ್ಚಿ ಮಸ್ಕತ್ತಿಗೆ ಕಳಿಸುವ ಆಸಾಮಿ ಎಂದು ನಾನು ಮನೆಯವರನ್ನೆಲ್ಲ ನಗಿಸಿದೆ. ವೆಂಕೋಬ ಮಾತ್ರ ನಗಲಿಲ್ಲ. ಅವನ ಪಾಸ್‌ಪೋರ್ಟು ಆಗಲೇ ಏಜೆಂಟನ ಕೈಯಲ್ಲಿತ್ತು.

ಹೊರಡುವ ದಿನ ಬೆಳಿಗ್ಗೆ ಅವನು ಟ್ರಂಕು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. "ಮಾಂವ, ಯಾವ ದೇಶಕ್ಕ..." ಎಂದು ನಾನು ಬಾಯಿ ತೆರೆದೆ. ಅವನ ತಾಯಿ ಮುದಕಮ್ಮ ನನ್ನ ಬೆನ್ನಿಗೊಂದು ಕೊಟ್ಟಳು.

"ಹೊಂಟಾವನ್ನ ಎಲ್ಲಿಗಂತ ಕೇಳಬಾರದು ಅಂತ ತಿಳಿಯೂದಿಲ್ಲೇನು ನಿನಗ? ಬಿಎ ಅಂದ್ರ ಬರೇ ಅಡ್ಡಾಡೂದು, ಅಷ್ಟ ಕಲತಿ."

ವೆಂಕೋಬನೂ ತಾನಾಗಿ ಹೇಳಲಿಲ್ಲ. "ಕೆಲಸ ಕೈಗೆ ಹತ್ತಲಿ ಮೊದಲ. ಈಗ ಹೆಸರ ಹೇಳಿದ್ರ ಓಣಿಯವರ ಕಣ್ಣು ಬೀಳತೈತಿ," ಎಂದ. ಅಕ್ಕ ಅವನ ಬಾಯಿಗೆ ಸಕ್ಕರೆ ಹಾಕಿದಳು. "ಹೋಗಿ ಬರ್ತೀನಿ," ಎಂದು ಅವನು ಸ್ಟೇಶನ್ ಕಡೆ ನಡೆದ.

ಮಳೆಗಾಲ ಮುಗಿಯಿತು, ಸುಗ್ಗಿ ಮುಗಿಯಿತು, ಬಿಸಿಲು ಬಂತು. ಅವನಿಂದ ಒಂದು ಅಕ್ಷರ ಬರಲಿಲ್ಲ. ಅಂಚೆಯವನು ನಮ್ಮ ಓಣಿಗೆ ಬಂದಾಗ ಸೈಕಲ್ಲನ್ನು ಜೋರಾಗಿ ತುಳಿಯತೊಡಗಿದ. ಅಕ್ಕ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಬಾಗಿಲ ಕಡೆ ನೋಡುವಳು. ಹಂಚಿನ ಮೇಲಿನ ರೊಟ್ಟಿ ಸೀದು ಹೋಗುವುದು.

ಕೊಪ್ಪಳದ ವಕೀಲರೊಬ್ಬರ ಹತ್ತಿರ ಅವಳನ್ನು ಕರೆದುಕೊಂಡು ಹೋದೆ. ಅವರು ಒಳ್ಳೆಯವರು. "ದೇಶದ ಹೆಸರ ಹೇಳ್ರಿ. ಅಲ್ಲಿ ನಮ್ಮ ಸರಕಾರದ ಕಚೇರಿ ಇರತೈತಿ, ಇವತ್ತ ಬರೀತೀನಿ," ಎಂದರು.

ಅಕ್ಕ ನನ್ನ ಕಡೆ ತಿರುಗಿದಳು. "ನೀ ಮಸ್ಕತ್ತು ಅಂತಿದ್ದೆಲ್ಲೋ ತಮ್ಮಾ?"

"ಅದು ಪ್ರಾಸ ಕೂಡಿತಂತ ಅಂದಿದ್ದೆ, ಅಕ್ಕಾ."

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. "ಹೆಸರಿಲ್ಲದ ದೇಶಕ್ಕ ಹೆಂಗ ಬರೀಲಿ, ತಂಗೀ?"

ಮರುದಿನ ಗಂಗಾವತಿಗೆ ಹೋದೆವು. ಗಿರಣಿಯ ಮೇಲಿನ ಕೋಣೆಯಲ್ಲಿ ಏಜೆಂಟ ಇರಲಿಲ್ಲ, ತೌಡಿನ ಚೀಲಗಳಿದ್ದವು. ಕೆಳಗಿನ ಅಂಗಡಿಯಲ್ಲಿ ಟೇಲರ್ ರಾಜಾಸಾಬ ಮಶೀನು ತುಳಿಯುತ್ತಿದ್ದ. ಏಜೆಂಟ ಕಳಿಸಿದವರಿಗೆಲ್ಲ ಬಿಳಿ ಕೋಟು ಹೊಲಿದವನು ಅವನೇ.

"ವೆಂಕೋಬಣ್ಣಂದು ನೆಪ್ಪೈತಿ ಬೆಹೆನ್‌ಜೀ. ಎದಿ ಮ್ಯಾಲ ಹೋಟೆಲ್ ಹೆಸರ ದಾರದಾಗ ಹಾಕಿ ಕೊಡ್ಲಿ ಅಂತ ಕೇಳಿದೆ. ಈಗ ಖಾಲಿ ಬಿಡು ಸಾಬ, ಹೋದ ಮ್ಯಾಲ ಅವರ ಹಾಕ್ಕೋತಾರ ಅಂದ."

ಅಕ್ಕನ ಮುಖ ನೋಡಲಾಗದೆ ಅವನು ಕತ್ತರಿಯನ್ನು ಅತ್ತಿಂದಿತ್ತ ಇಟ್ಟ. ಆಮೇಲೆ ಹೇಳಿದ: "ಅದೇ ತಂಡದಾಗ ಅಳವಂಡಿ ಹುಲಿಗೆಪ್ಪ ಅಂತಿದ್ದ. ತಿರುಗಿ ಬಂದಾನ. ಹೋದ ವಾರ ಬಂದು ಕೋಟಿನ ಹೊಲಿಗಿ ಬಿಗಿ ಮಾಡಿಸ್ಕೊಂಡು ಹೋದ. ಭಾಳ ಇಳದಾನ. ಮತ್ತ ಹೊಂಟಂಗ ಕಾಣತೈತಿ, ಲಗೂನ ಹೋಗ್ರಿ."

ಅಳವಂಡಿಗೆ ಮುಟ್ಟಿದಾಗ ಮಧ್ಯಾಹ್ನ. ಹುಲಿಗೆಪ್ಪನ ಮನೆ ಹುಡುಕುವ ಕಷ್ಟ ಬೀಳಲಿಲ್ಲ. 'ದುಬೈ ಹುಲಿಗೆಪ್ಪ' ಎಂದರೆ ನಾಯಿ ಕೂಡ ದಾರಿ ತೋರಿಸುವಂತಿತ್ತು. ಅವನು ಬಿಳಿ ಕೋಟು ತೊಟ್ಟು, ಚೀಲ ಹಿಡಿದು, ಹೊಸ್ತಿಲಾಚೆ ಒಂದು ಕಾಲು ಇಟ್ಟಿದ್ದ. ತಾಯಿ ಪಕೀರಮ್ಮನ ಅಂಗೈಯಲ್ಲಿ ಸಕ್ಕರೆ ಇತ್ತು. ಓಣಿಯವರೆಲ್ಲ ಸುಮ್ಮನೆ ನಿಂತಿದ್ದರು.

ಅಕ್ಕ ಬೀದಿಯಿಂದಲೇ ಕೇಳಿದಳು. "ಯಣ್ಣಾ, ಎಲ್ಲಿಗೆ ಹೊಂಟಿ?"

ಪಕೀರಮ್ಮನ ಅಂಗೈ ಮುಚ್ಚಿಕೊಂಡಿತು. "ಯಾವಾಕಿವಾ ನೀ? ನಿನ್ನ ಬಾಯಿಗೆ ಮಣ್ಣ ಬೀಳಲಿ."

ಹಾಗೆ ಕೇಳಿಸಿಕೊಂಡವನು ಹೊರಡುವಂತಿಲ್ಲ. ಒಳಗೆ ಹೋಗಿ, ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಹುಲಿಗೆಪ್ಪ ಚೀಲ ಇಳಿಸಿ ಒಳಗೆ ಕೂತ. ಅಕ್ಕ ಯಾರೂ ಕರೆಯದೆ ಒಳಗೆ ಹೋಗಿ ಅವನೆದುರು ಕೂತಳು. ನಾನು ಬಾಗಿಲಲ್ಲಿ ನಿಂತೆ. ಕೊಪ್ಪಳದ ಬಸ್ಸು ಹಾರ್ನ್ ಹೊಡೆದು ಹೋಯಿತು.

"ನಾ ವೆಂಕೋಬನ ಹೇಣ್ತಿ."

ಅವನು ನೀರಿನ ತಂಬಿಗೆ ಕೆಳಗಿಟ್ಟ. "ಮುಂಬಯಿದಾಗ ಒಂದ ಖೋಲಿದಾಗ ಇದ್ವಿ, ತಂಗೀ. ಬ್ಯಾರೆ ಬ್ಯಾರೆ ವಿಮಾನಕ್ಕ ಎರಡು ಸಾಲು ನಿಲ್ಲಿಸಿದ್ರು. ಅಂವ ಆ ಸಾಲು, ನಾ ಈ ಸಾಲು. ಕೈ ಬೀಸಿ ಹೋದ."

"ಎಲ್ಲಿಗಂತ ಕೇಳ್ಲಿಲ್ಲ?"

"ವಿಮಾನ ಹತ್ತಾಕ ಹೊಂಟಾವನ್ನ ಹೆಂಗ ಕೇಳ್ಲೆವಾ?"

ಅವನು ತಾಯಿ ಹಿತ್ತಲಿಗೆ ಹೋದದ್ದನ್ನು ನೋಡಿ ದನಿ ತಗ್ಗಿಸಿದ. "ಕೇಳಿದ್ರೂ ಅವಗ ಗೊತ್ತಿರ್ಲಿಲ್ಲ. ನನಗೂ ಇರ್ಲಿಲ್ಲ. ಕಾಗದ ಎಲ್ಲಾ ಏಜೆಂಟನ ಮಂದಿ ಕೈಯಾಗ. ನನ್ನ ಇಳಿಸಿದ್ದು ಉಸುಕಿನಾಗ, ತಗಡಿನ ಶೆಡ್ಡಿಗೆ. ರಸ್ತೆ ಕೆಲಸದವರಿಗೆ ಅನ್ನ ಬೇಯಿಸೂದು. ಹೋಟೆಲ್ ಕಣ್ಣೀಲೆ ನೋಡ್ಲಿಲ್ಲ. ಅದು ಯಾವ ದೇಶ ಅಂತ ಒಬ್ಬ ಮಲಯಾಳಿ ಹೇಳಿದ, ಅದೂ ನಾ ಬ್ಯಾನಿ ಬಿದ್ದ ಮ್ಯಾಲ. ದುಬೈ ಅಲ್ಲ ಅದು."

"ಮತ್ತ ಊರಾಗ ದುಬೈ ಅಂತಾರ?" ಎಂದೆ ನಾನು.

"ಅವರ ಅಂದ್ರು. ನಾ ಹೂಂ ಅಂದೆ. ಹೋಟೆಲ್‌ದಾಗ ಮೇಸ್ತ್ರಿ ಇದ್ದೆ ಅಂತನೂ ಹೇಳೀನಿ. ರಜಾ ಮುಗೀತೇನಪಾ, ಯಾವಾಗ ಹೋಗ್ತಿ ಅಂತ ದಿನಾ ಕೇಳ್ತಾರ. ಎಷ್ಟಂತ ಕುಂದರ್ಲಿ?"

"ಈಗ ಎಲ್ಲಿಗೆ?" ಅಕ್ಕ ಬಿಡಲಿಲ್ಲ.

ಹುಲಿಗೆಪ್ಪ ಕೋಟಿನ ಗುಂಡಿ ಹಾಕಿಕೊಂಡ. "ಹೋಟೆಲ್‌ಗ ಅಂದಾರ," ಎಂದ.

ಅಕ್ಕ ಅವನ ಚೀಲವನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು. "ಹೆಸರ ತಿಳಕೊಂಡು ಹೋಗಪಾ. ನಿನ್ನ ತಾಯಿಗೆ ಹೇಳಿ ಹೋಗು."

ಹಿತ್ತಲಿಂದ ಬಂದ ಪಕೀರಮ್ಮ ಅವಳ ತೊಡೆಯ ಮೇಲಿಂದ ಚೀಲ ಕಿತ್ತುಕೊಂಡಳು. ಇನ್ನೊಂದು ಚಿಟಿಕೆ ಸಕ್ಕರೆ ತಂದು ಮಗನ ಬಾಯಿಗೆ ಹಾಕಿದಳು. ಅಕ್ಕ ಎದ್ದು ಹೊರಗೆ ಬಂದಳು.

ಮುಂದಿನ ಬಸ್ಸಿನಲ್ಲಿ ಅವನೂ ನಾವೂ ಕೂಡಿಯೇ ಬಂದೆವು. ಅವನು ಮುಂದಿನ ಸೀಟಿನಲ್ಲಿ, ತಿರುಗಿ ನೋಡದೆ. ಕೊಪ್ಪಳದಲ್ಲಿ ಇಳಿದು ಸ್ಟೇಶನ್ ಕಡೆಗೆ ನಡೆದ. ಅಕ್ಕ ಬಿಳಿ ಕೋಟು ಜನರಲ್ಲಿ ಮರೆಯಾಗುವ ತನಕ ನಿಂತಳು. ಮನೆಯ ದಾರಿ ಹಿಡಿದ ಮೇಲೆ ಕೇಳಿದಳು.

"ಆ ಕಡೆ ಎಷ್ಟು ದೇಶ ಅದಾವೋ ತಮ್ಮಾ?"

ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ದುಬೈ, ಕುವೈತು, ಬಹರೈನು, ಕತಾರು, ಮಸ್ಕತ್ತು, ಸೌದಿ. ಅವಳು ಒಂದೊಂದನ್ನೂ ಬಾಯಲ್ಲಿ ತಿರುಗಿಸಿ ಅಂದುಕೊಂಡಳು.

"ಎಲ್ಲಾ ಕಡೆ ಉಸುಕು ಐತೇನು?"

"ಐತಿ."

"ಹಂಗಾರ ನಾಳೆ ವಕೀಲರ ಕಡೆ ನಡಿ," ಎಂದಳು. "ಮೊದಲನೇದರಿಂದ ಬರೀಲಿ."