ಹುಳುಮನೆಯ ಮೈಲಿಗೆ

"ಇನ್ನೊಂದ್ಸಲ ನೋಡಿ ಸಾಬ್ರೇ, ಮೈಲಿಗೆ ಅದ್ರಲ್ಲಿ ಕಾಣ್ತೈತಾ?"

ಆದಿಲಕ್ಷ್ಮಮ್ಮ ಹುಳುಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ರೇಷ್ಮೆ ಇಲಾಖೆಯ ಅಬ್ದುಲ್ ಖಾದರ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ದೇವನಹಳ್ಳಿಯಿಂದ ಸೈಕಲ್ ತುಳಿದು ಬಂದವನು. ಈ ವಾರಕ್ಕೆ ಇದು ಆರನೇ ಹುಳುಮನೆ, ಸಾಕಾಗಿ ಹೋಗಿತ್ತು ಅವನಿಗೆ. ಒಂದು ಹುಳುವನ್ನು ನೀರಲ್ಲಿ ಅರೆದು, ಒಂದು ತೊಟ್ಟು ಗಾಜಿನ ಮೇಲಿಟ್ಟು, ಬಾಯೊಳಗೇ ಬಿಸ್ಮಿಲ್ಲಾ ಅಂದುಕೊಂಡು ಇಣುಕಿದ್ದ.

ಅವನನ್ನು ಕರೆತಂದದ್ದು ಆದಿಲಕ್ಷ್ಮಮ್ಮನ ಮಗ ಪಿಳ್ಳಪ್ಪ. ಅಮ್ಮನಿಗೆ ಎದುರಾಡಿ ಗೊತ್ತಿಲ್ಲದ ಪ್ರಾಣಿ. ಹೆಂಡತಿಯನ್ನು ಉಳಿಸಿಕೊಳ್ಳಲು ಅವನಿಗೆ ತೋಚಿದ್ದು ಇದೊಂದೇ ದಾರಿ.

ಇನ್ನೇನು ವಾರದಲ್ಲಿ ಗೂಡು ಕಟ್ಟಬೇಕಿದ್ದ ಹುಳುಗಳು ಸೊಪ್ಪು ಮುಟ್ಟದೆ, ಮೈಮೇಲೆ ಕರಿ ಚುಕ್ಕೆ ಎದ್ದು ಸಾಯುತ್ತಿದ್ದವು. ಮೊನ್ನೆ ಬೆಳಗ್ಗೆ ಸೊಪ್ಪು ಹಾಕಿದವಳು ಪಿಳ್ಳಪ್ಪನ ಹೆಂಡತಿ ಭಾಗ್ಯಮ್ಮ. ತಾನು ಮುಟ್ಟಾಗಿದ್ದೇನೆ ಅಂತ ಅವಳಿಗೆ ಗೊತ್ತಾದದ್ದು ಹೊರಗೆ ಬಂದ ಮೇಲೆ. ಅಷ್ಟು ಸಾಕಾಯಿತು. ಮುಟ್ಟಾದವಳು ಹುಳುಮನೆ ಹೊಕ್ಕರೆ ಬೆಳೆ ನಿಲ್ಲೋದಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿರುವ ಮಾತು. ಮಹಾಯುದ್ಧದ ದೆಸೆಯಿಂದ ರೇಷ್ಮೆಗೆ ಯಾವತ್ತೂ ಕಾಣದ ಬೆಲೆ ಬಂದ ವರ್ಷ ಬೇರೆ. ಸಮೇತನಹಳ್ಳಿಯಿಂದ ಭಾಗ್ಯಮ್ಮನ ಅಣ್ಣ ನಾಳೆ ಗಾಡಿ ತರಬೇಕು, ಕರ್ಕೊಂಡು ಹೋದೋಳನ್ನ ಮತ್ತೆ ಕಳಿಸಬಾರದು ಅಂತ ಆದಿಲಕ್ಷ್ಮಮ್ಮ ಹೇಳಿಕಳಿಸಿದ್ದಳು. ಭಾಗ್ಯಮ್ಮ ದನದ ಕೊಟ್ಟಿಗೆಯಲ್ಲಿ ಅತ್ತು ಮುಗಿಸಿ ಕೂತಿದ್ದಳು.

"ಮೈಲಿಗೆ ಕಾಣಲ್ಲಮ್ಮಾ," ಅಂದ ಖಾದರ್. "ಗಂಟುರೋಗ ಕಾಣ್ತದೆ. ಮೊಟ್ಟೆ ಎಲ್ಲಿಂದ ತಂದ್ರಿ?"

ಪಿಳ್ಳಪ್ಪ ಅಮ್ಮನ ಮುಖ ನೋಡಿದ.

"ತರೋದೇನು? ಹೋದ ಬೆಳೇಲಿ ನಾನೇ ಒಳ್ಳೊಳ್ಳೆ ಗೂಡು ಆರ್ಸಿ, ಊರಮ್ಮ ಪಟಾಲಮ್ಮನ ಪಾದದ ಹತ್ರ ಇಟ್ಟು, ಚಿಟ್ಟೆ ಬಿಡ್ಸಿ ಮೊಟ್ಟೆ ಇಡ್ಸಿದ್ದು. ಸರ್ಕಾರದ ಮೊಟ್ಟೆ ಈ ಮನೆ ಹೊಕ್ಕಿಲ್ಲ."

ಖಾದರ್ ಟೋಪಿ ತೆಗೆದು ತಲೆ ಒರೆಸಿಕೊಂಡ. "ಈ ರೋಗ ತಾಯಿ ಚಿಟ್ಟೆ ಮೈಯಲ್ಲಿರ್ತದೆ. ಅದ್ರಿಂದ ಮೊಟ್ಟೆಗೆ ಬರ್ತದೆ. ನಿಮ್ಮ ಸೊಸೆ ಸೊಪ್ಪು ಹಾಕಿದ್ದು ಮೊನ್ನೆ. ಇದು ತಿಂಗಳ ಹಿಂದಿನ ಮಾತು."

"ಹಂಗಾದ್ರೆ ಪಟಾಲಮ್ಮ ಸುಳ್ಳಾ?"

"ಅದನ್ನ ನಾನು ಹೆಂಗೆ ಹೇಳ್ಲಿ? ನಾನೂ ಐದು ಹೊತ್ತು ನಮಾಜು ಮಾಡೋನೇ. ಪ್ಲೇಗಲ್ಲಿ ನನ್ ಮಗಳು ಹೋದ್ಲು. ದುವಾನೂ ಮಾಡಿದ್ದೆ, ಸೂಜಿನೂ ಹಾಕ್ಸಿದ್ದೆ. ಯಾವುದು ಕೈಬಿಡ್ತು ಅಂತ ಇವತ್ತಿಗೂ ಗೊತ್ತಿಲ್ಲ." ಸ್ವಲ್ಪ ಸರಿದು ಜಾಗ ಬಿಟ್ಟ. "ಬನ್ನಿ, ನೀವೇ ನೋಡಿ."

ಆದಿಲಕ್ಷ್ಮಮ್ಮ ಬಗ್ಗಿ ಒಂದು ಕಣ್ಣು ಮುಚ್ಚಿದಳು. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಅಕ್ಕಿ ನುಚ್ಚಿನಂಥ ಕಾಳುಗಳು ಕಂಡವು, ಲೆಕ್ಕವಿಲ್ಲದಷ್ಟು.

"ನಾನು ಆರ್ಸಿದ ಗೂಡಿಂದ್ಲೇನಾ?"

"ಹೂಂ ಕಣಮ್ಮಾ. ಎಲ್ಲಾ ಸುಟ್ಬಿಡಿ."

ಹಿತ್ತಲಲ್ಲಿ ಗುಂಡಿ ತೋಡಿದ್ದು ಪಿಳ್ಳಪ್ಪ. ಹುಳುವಿನ ತಟ್ಟೆಗಳನ್ನು ಹೊತ್ತು ತಂದು ಸುರಿದದ್ದು ಆದಿಲಕ್ಷ್ಮಮ್ಮ. ಇನ್ನೂ ಎಷ್ಟೋ ಹುಳುಗಳು ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು. ಬೆಂಕಿ ಹಚ್ಚಿದವಳೂ ಅವಳೇ.

ಆಮೇಲೆ ಮನೆಯೊಳಕ್ಕೆ ಹೋಗಲಿಲ್ಲ. ಸೀದಾ ಕೊಟ್ಟಿಗೆಗೆ ಬಂದು ಸೊಸೆಯಿಂದ ಮಾರು ದೂರದಲ್ಲಿ ಕೂತಳು.

"ಒಳಗೆ ಬಾಮ್ಮ," ಅಂದ ಪಿಳ್ಳಪ್ಪ.

"ಬೆಳೆ ಕೆಡ್ಸಿದೋಳು ಹೊರಗೇ ಕೂತ್ಕೋಬೇಕು. ನೀನು ಮೊದ್ಲು ಸಮೇತನಹಳ್ಳಿಗೆ ಯಾರನ್ನಾದ್ರೂ ಓಡ್ಸು, ಗಾಡಿ ಬೇಡ ಅಂತ."



ಆ ಮನೆಯಲ್ಲಿ ಅವತ್ತು ಒಲೆ ಹಚ್ಚಿದವನು ಪಿಳ್ಳಪ್ಪ. ಭಾಗ್ಯಮ್ಮ ಕೊಟ್ಟಿಗೆಯಿಂದಲೇ ಹೇಳಿಕೊಟ್ಟಂತೆ ಮುದ್ದೆ ತಿರುವಿದ, ಅರೆಬೆಂದಿತ್ತು. ಹೆಂಡತಿಗೆ ಬಡಿಸಿ, ಅಮ್ಮನ ಮುಂದೆ ಬಗ್ಗಿದ.

"ತಗುಲಿಸ್ಬೇಡ," ಅಂದು ಆದಿಲಕ್ಷ್ಮಮ್ಮ ಎರಡೂ ಕೈಯಲ್ಲಿ ತಟ್ಟೆ ಒಡ್ಡಿದಳು. "ಮೇಲಿಂದ ಹಾಕು."

ಪಿಳ್ಳಪ್ಪ ಮುದ್ದೆ ಹಿಡಿದ ಕೈಯನ್ನು ಮೇಲಕ್ಕೆತ್ತಿದ.