ಪಾಟೀಲನ ಹೆಗಲು

ತೀರಿಹೋದ ಅಣ್ಣನ ಮಡಚಿದ ಬೆರಳುಗಳನ್ನು ಅಲ್ಲಾಬಕ್ಷ ಬಿಡಿಸಿ ತೊಳೆಯುತ್ತಿದ್ದಾಗ ಬುರ್ಹಾನುದ್ದೀನ್ ಚಾಚಾ ಪರದೆ ಸರಿಸಿದರು.

"ಕಮಲಾಪುರದಿಂದ ಪಾಟೀಲ ಮಲ್ಲಣ್ಣ ಬಂದಾನ. ಅಂಗಳದಾಗ ನಿಂತಾನ."

"ನಿಂದರ್ಲಿ. ಸುಮ್ನ ನಿಂದ್ರೋದು ಅಂವಗ ಚೊಲೊ ಬರ್ತದ."

ಇನ್ನೊಂದು ತಂಬಿಗೆ ನೀರು ಸುರಿದ. ಎತ್ತಿನ ಹಗ್ಗ ಹಿಡಿದು ಜಡ್ಡುಗಟ್ಟಿದ್ದ ಅಂಗೈ, ಹಾಸಿಗೆ ಹಿಡಿದ ಮೇಲೆ ಮೆತ್ತಗಾಗಿತ್ತು. ಕಮಲಾಪುರದ ಕೆಂಪು ಬಾಳೆಗೊನೆ ಹೇರಿಕೊಂಡು ಕಲಬುರಗಿಯ ಸ್ಟೇಶನ್ ಬಜಾರಕ್ಕೆ ಬರುತ್ತಿದ್ದ ಫಕ್ರುದ್ದೀನ್ ಜೈಲಿನಿಂದ ಬಿಟ್ಟ ಮೇಲೆ ಊರಿಗೆ ಹೋಗಲೇ ಇಲ್ಲ. ಮೋಮಿನಪುರದ ಈ ತಮ್ಮನ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೆಮ್ಮುತ್ತಾ ಮಲಗಿದ್ದ.

* * *

ನಿಜಾಮನ ಕಡೆಯ ರಜಾಕಾರರು ಊರಿಗೆ ನುಗ್ಗಿ ಜೋಳದ ಚೀಲ ಎತ್ತಿದ ದಿನ, ಹೊರಲು ಬಂಡಿ ಬೇಕೆಂದರು. ಫಕ್ರುದ್ದೀನ್ ಎತ್ತು ಹೂಡಲು ಒಲ್ಲೆನೆಂದ.

"ಹೂಡೋ ತಮ್ಮಾ," ಎಂದು ಮಲ್ಲಣ್ಣನೇ ಕೈಮುಗಿದಿದ್ದ, "ಇಲ್ಲಂದ್ರ ಊರು ಸುಡ್ತಾರ." ಅಲ್ಲಾಬಕ್ಷ ಪಕ್ಕದಲ್ಲೇ ಇದ್ದ.

ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಅದೇ ಬಂಡಿ ಗುನ್ಹೆಯಾಯಿತು. ಕಲಬುರಗಿಯ ಕೋರ್ಟಿನಲ್ಲಿ ಅಲ್ಲಾಬಕ್ಷ ಕಂಡದ್ದನ್ನೆಲ್ಲ ಹೇಳಿದ. ಸರಕಾರಿ ವಕೀಲ ನಕ್ಕ: "ಅವರ ಮಂದಿ ಅವರ ಕಡೀಗೇ ಹೇಳ್ತಾರ, ಸಾಹೇಬ್ರ."

ಆಮೇಲೆ ಮಲ್ಲಣ್ಣ ಸಾಕ್ಷಿಗೆ ನಿಂತ. ಬಂಡಿ ಯಾರದು? ಫಕ್ರುದ್ದೀನಂದು. ಅದನ್ನು ಹೊಡೆದವನು? ಫಕ್ರುದ್ದೀನ.

"ಮತ್ತೇನಾದರೂ ಹೇಳೋದದ ಏನು?" ಜಡ್ಜರು ಕೇಳಿದರು.

ಮಲ್ಲಣ್ಣ ಕಟಕಟೆಯ ಕಡೆ ನೋಡಿದ. ಬೆಂಚಿನ ಮೇಲೆ ಕೂತ ಊರ ಮಂದಿಯನ್ನು ನೋಡಿದ.

"ಇಲ್ರೀ."

ಅವನು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ.

* * *

"ಪಾಟೀಲಗ ನೀರು ಕೊಡ್ಲೇನು?" ಹೊರಗೆ ಯಾರೋ ಕೇಳಿದರು.

"ಕೊಡು," ಎಂದರು ಬುರ್ಹಾನುದ್ದೀನ್. "ಯಾರ ಕೊಟ್ರು ಅಂತ ಅಂವ ಮುಂದ ಹೇಳಾಂಗಿಲ್ಲ, ಅಂಜಬ್ಯಾಡ."

ತೊಳೆದು ಬಿಳಿಬಟ್ಟೆ ಸುತ್ತಿದ ಮಯ್ಯತ್ತನ್ನು ಅಂಗಳಕ್ಕೆ ತಂದಿಟ್ಟರು. ಎತ್ತುವ ಮೊದಲು ನೆರೆದವರ ಸಾಕ್ಷಿ ಕೇಳುವುದು ಆ ಓಣಿಯ ರೂಢಿ.

"ಫಕ್ರುದ್ದೀನ್ ಎಂಥಾ ಮನಶಾ ಇದ್ದ?" ಮೌಲಾನಾ ಕೇಳಿದರು.

"ನೇಕ್ ಆದ್ಮಿ," ಎಂದಿತು ಅಂಗಳ.

ಕೊನೆಯಲ್ಲಿ ಮಲ್ಲಣ್ಣ ಗಂಟಲು ಸರಿಮಾಡಿಕೊಂಡ. "ಭಾಳ ಚೊಲೊ ಮನಶಾ. ಯಾರಿಗೂ ಕೇಡು ಬಗದಂವ ಅಲ್ಲ."

ಪರದೆಯ ಹಿಂದಿನಿಂದ ಅತ್ತಿಗೆ ಖಾತೂನಬಿಯ ದನಿ ಬಂತು:

"ಮತ್ತೇನಾರ ಹೇಳೋದದ ಏನ್ರಿ, ಪಾಟೀಲ್ರ?"

ಅಲ್ಲಾಬಕ್ಷ ಮಲ್ಲಣ್ಣನ ಕಡೆ ತಿರುಗಿದ. ಒಂದು ಮಾತು ಸಾಕಿತ್ತು. ಅಣ್ಣ ರಜಾಕಾರನೆಂಬ ಹೆಸರು ಕಳಚಿಕೊಂಡು ಮಣ್ಣಿಗೆ ಹೋಗುತ್ತಿದ್ದ. ಮಲ್ಲಣ್ಣ ತನ್ನ ಸಂಗಡ ಬಂದ ಊರವರನ್ನು ನೋಡಿದ.

"ಇಲ್ಲವ್ವಾ."

"ಎತ್ರಿ," ಎಂದ ಅಲ್ಲಾಬಕ್ಷ.

ಜನಾಜಾ ಹೆಗಲಿಂದ ಹೆಗಲಿಗೆ ದಾಟುತ್ತಾ ಓಣಿಯಲ್ಲಿ ಸಾಗಿತು. ಕೇಳಿದವರಿಗೆ ಹೆಗಲು ಬಿಟ್ಟುಕೊಡಬೇಕು, ಇಲ್ಲವೆನ್ನುವಂತಿಲ್ಲ. ಆದರೆ ಮಲ್ಲಣ್ಣ ಹತ್ತಿರ ಬಂದಾಗಲೆಲ್ಲ ಬೇರೊಂದು ಹೆಗಲು ನಡುವೆ ತೂರುತ್ತಿತ್ತು. ಕೊನೆಗೆ ಅವನು ಅಲ್ಲಾಬಕ್ಷನ ಪಕ್ಕಕ್ಕೆ ಬಂದ.

"ಕೊಡೋ, ಅಲ್ಲಾಬಕ್ಷ."

ಅಲ್ಲಾಬಕ್ಷ ತಿರುಗಲಿಲ್ಲ.

ಖಬರಸ್ತಾನದ ಬಾಗಿಲ ತನಕವೂ ಪಾಟೀಲ ಹಾಗೆಯೇ ನಡೆದ. ಹೆಗಲ ಮೇಲಿನ ವಲ್ಲಿ ತೆಗೆದು ಕಂಕುಳಲ್ಲಿ ಇರುಕಿಕೊಂಡು, ನೊಗಕ್ಕೆ ಕಾಯುವ ಎತ್ತಿನಂತೆ ಒಂದು ಬದಿಗೆ ಬಾಗಿಕೊಂಡು.