ಮುಟ್ಟಬಾರದ ಅರಿವೆ

ಮನೆಯಲ್ಲಿ ಫೋನು ರಿಂಗಾದಾಗಲೆಲ್ಲ ಅರೀಬಾಳ ಎದೆ ಧಸಕ್ಕೆನ್ನುತ್ತಿತ್ತು. ರಾಯಭಾರ ಕಚೇರಿಯವರ ಫೋನಾದರೆ ಅತ್ತೆಗೆ ವಿಮಾನದಲ್ಲಿ ಸೀಟು ಸಿಕ್ಕಿತೆಂದೇ ಅರ್ಥ.

ಅತ್ತೆ ನೂರ್ಜಹಾನ್ ಫೆಬ್ರವರಿಯಲ್ಲಿ ಗದಗದಿಂದ ಈ ಪರದೇಶದ ಊರು ಮೇನೂತ್‌ಗೆ ಬಂದವರು. ಮಗ ಜಿಬ್ರಾನನ ಸಂಸಾರ ನೋಡಿಕೊಂಡು ರಂಜಾನ್ ಶುರುವಾಗುವುದರೊಳಗೆ ಊರು ಸೇರಬೇಕಿತ್ತು. ಅಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನಿಂತವು. ರಂಜಾನ್ ಈ ಮನೆಯಲ್ಲೇ ಮುಗಿಯಿತು, ಮೊನ್ನೆ ಬಕ್ರೀದೂ ಆಯಿತು. ಈಗ ಇಲ್ಲಿ ಸಿಕ್ಕಿಕೊಂಡವರನ್ನು ಕರೆದೊಯ್ಯಲು ಆಗೊಂದು ಈಗೊಂದು ವಿಮಾನ ಬಿಡುತ್ತಿದ್ದರು. ಅತ್ತೆಯ ಹಟಕ್ಕೆ ಜಿಬ್ರಾನ್ ಅವರ ಹೆಸರು ಬರೆಸಿದ್ದ.

ಅರೀಬಾಳಿಗೆ ಏಳು ತಿಂಗಳು. ಅಕ್ಟೋಬರಿನಲ್ಲಿ ಹೆರಿಗೆ. ಬೆಂಗಳೂರಿನ ಅವಳ ಅಮ್ಮನಿಗೆ ವೀಸಾ ಸಿಗುವ ಹಾಗಿರಲಿಲ್ಲ. ಆಸ್ಪತ್ರೆಯಲ್ಲಿ ಗಂಡನನ್ನೂ ಕೊನೆಯ ಗಳಿಗೆಯಲ್ಲಷ್ಟೇ ಒಳಗೆ ಬಿಡುತ್ತಿದ್ದರು. ಮನೆಗೆ ಬಂದ ಮೇಲೆ ಕೂಸನ್ನು ಹೇಗೆ ಎತ್ತಬೇಕು, ಹೇಗೆ ಮೀಯಿಸಬೇಕು ಎಂದು ತೋರಿಸುವ ಇನ್ನೊಬ್ಬ ಹೆಂಗಸು ಬೇಡವೆ? ಇದನ್ನೆಲ್ಲ ಬಾಯಿಬಿಟ್ಟು ಹೇಳಲು ಅವಳಿಂದ ಆಗಿರಲಿಲ್ಲ. ಆರು ತಿಂಗಳಿಂದ ಮನೆ ಮಠ ಬಿಟ್ಟಿರುವ ವಯಸ್ಸಾದವರನ್ನು ನನ್ನ ಸ್ವಾರ್ಥಕ್ಕೆ ಕಟ್ಟಿಹಾಕುವುದು ಸರಿಯೇ? ಈವ್ನಿಂಗ್ ಕಾಲೇಜಿನಲ್ಲಿ ಬಿ.ಕಾಂ. ಓದುವಾಗಲೂ ಅವಳು ಹಾಗೆಯೇ. ಬರೆದ ಉತ್ತರ ಸರಿಯಿದ್ದರೂ ಹೊಡೆದುಹಾಕಿ ಮತ್ತೆ ಬರೆಯುವವಳು.

ಅತ್ತೆ ಮಾತ್ರ ಮುಂಬಾಗಿಲಿನಿಂದ ಹಿತ್ತಲ ಗೋಡೆಯವರೆಗೆ, ಗೋಡೆಯಿಂದ ಬಾಗಿಲಿಗೆ ಅಡ್ಡಾಡುತ್ತಿದ್ದರು. ಪಾತ್ರೆ ತೊಳೆಯಲು ಯಂತ್ರ, ಬಟ್ಟೆಗೆ ಯಂತ್ರ, ಕಸಕ್ಕೂ ಯಂತ್ರ. "ನನ್ನ ಕೈಯಾಗ ಏನ ಕೆಲಸ ಐತಿ ಇಲ್ಲೆ?" ಎನ್ನುತ್ತ ಬೆರಳುಗಳನ್ನು ಒಂದಕ್ಕೊಂದು ತಿಕ್ಕುತ್ತಿದ್ದರು. ಅವರದು ಹತ್ತಿ ಹಿಂಜಿ ಗಾದಿ ತುಂಬುವ ನದಾಫರ ಮನೆತನ. ಓಣಿಯವರು ಹೊದೆಯುವ, ತುಂಡು ಬಟ್ಟೆ ಕೂಡಿಸಿದ ಕೌದಿಗಳಿಗೆಲ್ಲ ಅವರದೇ ಸೂಜಿ.

ಕೌದಿಯ ನೆನಪಾದಾಗಲೇ ಅರೀಬಾಳಿಗೆ ಉಪಾಯ ಹೊಳೆದದ್ದು. ಲಾಕ್‌ಡೌನಿಗೆ ಮುಂಚೆ ಅವಳು ಸಂಜೆಯ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿನ ಟೀಚರ್ ಈಮೇಲ್ ಕಳಿಸಿದ್ದರು: ಕ್ವಿಲ್ಟ್, ಅಂದರೆ ಇಲ್ಲಿಯವರ ಕೌದಿಯ ಬಟ್ಟೆ ಮಾರುವ ಅಂಗಡಿಗಳು ಮತ್ತೆ ತೆರೆದಿವೆ, ಈ ಬೇಸಿಗೆಯಲ್ಲಿ 'ಶಾಪ್ ಹಾಪ್' ಇದೆ. ಒಂದು ಕಾರ್ಡು ಕೊಡುತ್ತಾರೆ. ಊರೂರಿನ ಅಂಗಡಿ ಸುತ್ತಿ ಪ್ರತಿಯೊಂದರಲ್ಲೂ ಸೀಲು ಹಾಕಿಸಿಕೊಂಡರೆ ಕೊನೆಗೊಂದು ಬಹುಮಾನ. ಬಹುಮಾನ ಯಾರಿಗೆ ಬೇಕಿತ್ತು? ಅತ್ತೆ ಬಟ್ಟೆ ಆರಿಸಿ ಕೂಸಿಗೊಂದು ಕೌದಿ ಶುರುಮಾಡಿದರೆ ಸಾಕು. ಕೈಗೆತ್ತಿಕೊಂಡ ಕೌದಿಯನ್ನು ಅರ್ಧಕ್ಕೆ ಬಿಟ್ಟು ವಿಮಾನ ಹತ್ತುವವರಲ್ಲ ಅವರು.

ಜಿಬ್ರಾನ್ ನಕ್ಕ. "ಅಂಗಡಿ ಸುತ್ತೋಕೆ ಕಾರ್ಡು, ಸೀಲು! ಯುಕೇಜಿ ಮಕ್ಕಳಿಗೆ ಸ್ಟಾರ್ ಕೊಟ್ಟಂಗೆ. ಆನ್‌ಲೈನಲ್ಲಿ ತರಿಸಿದ್ರೆ ಬಟ್ಟೆ ಬಾಗಿಲಿಗೇ ಬರುತ್ತೆ. ಈ ಹೊಟ್ಟೆ ಇಟ್ಕೊಂಡು ಅಲ್ಲೆಲ್ಲೋ ಸಮುದ್ರದ ದಡದ ಡನ್ ಲಿಯರಿ ತನಕ ಡ್ರೈವ್ ಮಾಡ್ಬೇಕಾ?"

"ಡಾಕ್ಟರು ಗ್ರ್ಯಾಂಡ್, ಎಲ್ಲಾ ಸರಿಯಿದೆ ಅಂದಿದಾರೆ," ಎಂದಳು ಅರೀಬಾ. ಹೇಳಿದ ಮೇಲೆ, ಡ್ರೈವಿಂಗ್ ಬಗ್ಗೆ ಡಾಕ್ಟರನ್ನು ಕೇಳಿದ್ದೆನೋ ಇಲ್ಲವೋ ಎಂದು ಅನುಮಾನವಾಯಿತು.

ಆಗಸ್ಟಿನ ಮೊದಲ ಶುಕ್ರವಾರ ಇಬ್ಬರೂ ಹೊರಟರು. ಮೊದಲ ಅಂಗಡಿ ಹತ್ತಿರದ್ದೇ. ಬಾಗಿಲಲ್ಲಿ ಸ್ಯಾನಿಟೈಸರ್, ಒಳಗೆ ನೆಲದ ಮೇಲೆ ಬಾಣದ ಗುರುತು. ಗೋಡೆಯುದ್ದಕ್ಕೂ ಬಣ್ಣಬಣ್ಣದ ಬಟ್ಟೆಯ ಥಾನುಗಳು, ಹಣ್ಣಿನಂಗಡಿಯ ಹಾಗೆ. ಪ್ರತಿ ಕಪಾಟಿಗೂ ಒಂದು ಚೀಟಿ.

"ಏನಂತ ಬರದಾರ?" ಮಾಸ್ಕಿನೊಳಗಿಂದ ಅತ್ತೆ ಕೇಳಿದರು.

"ಮುಟ್ಟಬೇಡಿ ಅಂತ ಅತ್ತೆ. ಯಾವುದು ಬೇಕೋ ಹೇಳಿದ್ರೆ ಅವರೇ ತೆಗೆದು ತೋರಿಸ್ತಾರೆ."

"ಮುಟ್ಟಲಾರದ ಅರಿವಿ ಹ್ಯಾಂಗ ತಗೊಳ್ಳೂದು? ಕಣ್ಣಿಗೇನ ತಿಳೀತೈತಿ?" ಎಂದವರೇ ನೀಲಿ ಥಾನೊಂದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿಯೇಬಿಟ್ಟರು.

ಅಂಗಡಿಯಾಕೆ ಸಿಡುಕಲಿಲ್ಲ. ನಗುತ್ತಲೇ ಬಂದು ಆ ಥಾನನ್ನು ಕೈಗವಸಿನಲ್ಲಿ ಎತ್ತಿ ಮೂಲೆಯ ಬುಟ್ಟಿಗೆ ಹಾಕಿದಳು. ಮೂರು ದಿನ ಅದನ್ನು ಬೇರೆ ಇಡಬೇಕಂತೆ, ಆಮೇಲೆ ಕಪಾಟಿಗೆ. ಅರೀಬಾ ನಾಲ್ಕು ಸಲ 'ಸಾರಿ' ಎಂದಳು.

"ಅರಿವಿಗೂ ಕ್ವಾರಂಟೀನಾ!" ಅತ್ತೆಗೆ ನಗು ತಡೆಯಲಿಲ್ಲ. "ಪಾಪ, ನಮ್ಮಂಗ ಅದೂ ಒಳಗ ಕುಂತಿತು."

ಅವರು ನಕ್ಕದ್ದನ್ನು ಕೇಳಿ ಎಷ್ಟು ದಿನವಾಗಿತ್ತೋ. ಬಂದದ್ದು ಒಳ್ಳೆಯದಾಯಿತು ಎಂದುಕೊಂಡಳು ಅರೀಬಾ. ಆದರೆ ಅತ್ತೆ ಏನನ್ನೂ ಕೊಳ್ಳಲಿಲ್ಲ. ಬರಿಗೈಲಿ ಹೋಗಲು ಸಂಕೋಚವಾಗಿ ಅರೀಬಾಳೇ ಒಂದು ಬಿಳಿ ನೂಲಿನ ಉಂಡೆ ತೆಗೆದುಕೊಂಡು ಸೀಲು ಹಾಕಿಸಿಕೊಂಡಳು.

ಡನ್ ಲಿಯರಿ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಅಲ್ಲಿಯ ಅಂಗಡಿಯಲ್ಲಿ ಒಂದೇ ಅಳತೆಗೆ ಕತ್ತರಿಸಿದ ಬಟ್ಟೆ ಪಟ್ಟಿಗಳನ್ನು ಸುರುಳಿ ಸುತ್ತಿ ರಿಬ್ಬನ್ ಕಟ್ಟಿಟ್ಟಿದ್ದರು; ಅವನ್ನು ಎತ್ತಿ ನೋಡಲು ಅಡ್ಡಿಯಿರಲಿಲ್ಲ. ಪುಟ್ಟ ಮೊಲ, ಮೋಡ, ಹಳದಿ ಚುಕ್ಕಿ. ಅರೀಬಾಳ ಮನಸ್ಸು ಕರಗಿತು.

"ಇದು ನೋಡಿ ಅತ್ತೆ, ಕತ್ತರಿಸೋ ಕೆಲಸಾನೂ ಇಲ್ಲ. ಮಗು ಕೌದಿಗೆ ಇದನ್ನೇ ತಗೊಳ್ಳೋಣ. ಇವತ್ತೇ ಶುರು ಮಾಡಬಹುದು."

ಅತ್ತೆಯ ಮುಖ ಗಂಭೀರವಾಯಿತು. "ಬ್ಯಾಡ."

"ಚೆನ್ನಾಗಿಲ್ವಾ?"

"ಚಂದ ಐತಿ. ಅದಕ್ಕ ಬ್ಯಾಡ. ಹೊಸಾ ಅರಿವಿ ಕತ್ತರ್ಸಿ ಮತ್ತ ಕೂಡಿಸಿ ಹೊಲಿಯೂದು ಇವರ ಪದ್ಧತಿ ಇರಬೇಕು. ಯಾರ ಮೈಮ್ಯಾಲೂ ಬೀಳದ ಅರಿವಿ ಕೂಸಿಗೆ ಹೊದಸ್ತಾರೇನ? ಒರಟ ಇರತೈತಿ. ಮತ್ತ ಇನ್ನೊಂದು, ಕೂಸು ಬರೂಕ್ಕಿಂತ ಮೊದಲ ಅದರ ಹೆಸರಿಲೆ ಸೂಜಿ ಹಚ್ಚಂಗಿಲ್ಲ. ನಿಮ್ಮ ಬೆಂಗಳೂರಾಗ ಯಾರೂ ಹೇಳಲಿಲ್ಲೇನ ನಿನಗ?"

ಅರೀಬಾಳ ಕೈಯಲ್ಲಿದ್ದ ಸುರುಳಿ ತಣ್ಣಗೆ ಕಪಾಟಿಗೆ ಮರಳಿತು. ಕೂಸು ಬರುವವರೆಗೆ ಕೌದಿ ಇಲ್ಲ. ಕೌದಿ ಇಲ್ಲದಿದ್ದರೆ ಅತ್ತೆಯನ್ನು ಹಿಡಿದಿಡುವುದು ಯಾವುದು? ಎಷ್ಟು ಯೋಚಿಸಿ ಹೂಡಿದ ಉಪಾಯ, ಕೇಳಿ ತಿಳಿದುಕೊಳ್ಳಬೇಕಾದ್ದನ್ನೇ ಕೇಳಿರಲಿಲ್ಲ. ಅಂಗಡಿಯವರು ಅವಳ ಹೊಟ್ಟೆ ನೋಡಿ, "ಅಭಿನಂದನೆ ಕಣಮ್ಮ," ಎನ್ನುತ್ತ ಪುಕ್ಕಟೆಯಾಗಿ ಸೀಲು ಒತ್ತಿಕೊಟ್ಟರು. ಅವಳಿಗೆ ಅದೂ ಮೋಸದಿಂದ ಪಡೆದ ಹಾಗೆನ್ನಿಸಿತು.

ಸಮುದ್ರಕ್ಕೆ ಮುಖಮಾಡಿ ಕಾರು ನಿಲ್ಲಿಸಿ ಇಬ್ಬರೂ ತಂದಿದ್ದ ಚಪಾತಿ ಬಿಚ್ಚಿದರು. ಇನ್ನೂ ಒಂದು ಅಂಗಡಿ ಬಾಕಿಯಿತ್ತು, ಮುಚ್ಚುವುದು ತಡ. ಅತ್ತೆ ಕೂತಲ್ಲಿ ಕೂರಲಾರದೆ ಕಟ್ಟೆಯ ಮೇಲೆ ಅಷ್ಟು ದೂರ ನಡೆದು ಬಂದರು. ಅವರು ಮತ್ತೆ ಕಾರು ಹತ್ತುವ ಹೊತ್ತಿಗೆ ರೇಡಿಯೋದಲ್ಲಿ ಸುದ್ದಿ: ಕಿಲ್ಡೇರ್ ಕೌಂಟಿಯಲ್ಲಿ ಸೋಂಕು ಏರಿದೆ, ಇಂದು ಮಧ್ಯರಾತ್ರಿಯಿಂದ ಎರಡು ವಾರ ಕೌಂಟಿಯ ಗಡಿ ದಾಟುವಂತಿಲ್ಲ. ಮೇನೂತ್ ಇರುವುದು ಕಿಲ್ಡೇರ್ ಜಿಲ್ಲೆಯಲ್ಲೇ.

"ಏನಂತ?"

"ನಮ್ಮ ಕಡೆ ಮತ್ತೆ ಮುಚ್ತಿದಾರೆ. ಮನೆಗೆ ಹೋಗಬೇಕು ಅತ್ತೆ."

"ವಿಮಾನಕ್ಕ ಬಿಡ್ತಾರಿಲ್ಲೊ?"

ಮೊದಲು ಕೇಳಿದ್ದೇ ಅದು. ಅರೀಬಾ ಕೀಲಿ ತಿರುಗಿಸಿ ಗೇರು ಹಾಕಿದಳು. "ವಿಮಾನಕ್ಕೆ ಬಿಡ್ತಾರೆ."

ಕಾರು ಹೆದ್ದಾರಿಗೆ ಬಂತು. ಆಮೇಲೆ ಅತ್ತೆಯೇ ಕೇಳಿದರು. "ಖರೇ ಹೇಳು. ಒಂದು ಉಂಡಿ ನೂಲಿನ ಸಲುವಾಗಿ ಬಸರಿ ಹೆಂಗಸು ಇಷ್ಟ ದೂರ ಬರ್ತಾಳೇನ?"

"ನಿಮ್ಮ ಕೈಗೆ ಕೆಲಸ ಸಿಗ್ಲಿ ಅಂತ..."

"ಅದು ಸೈ. ಮತ್ತ?"

ಲಾರಿಯೊಂದು ಪಕ್ಕದಲ್ಲಿ ಹಾದು ಕಾರು ಅಲುಗಿತು. ರಸ್ತೆಯ ಮೇಲೆ ಕಣ್ಣಿಟ್ಟಿದ್ದುದರಿಂದಲೋ ಏನೋ ಅರೀಬಾಳಿಗೆ ಹೇಳುವುದು ಸುಲಭವಾಯಿತು. "ಕೌದಿ ಶುರು ಮಾಡಿದ್ರೆ ಹೋಗಲ್ಲ ಅಂದ್ಕೊಂಡೆ. ನಂಗೆ ಭಯ ಆಗ್ತಿದೆ ಅತ್ತೆ. ಮಗು ಆಗೋ ತನಕ ಇರಿ. ಆಗಲ್ಲ ಅಂದ್ರೆ ಬೇಡ, ನಿಮಗೂ ಮನೆ ಇದೆ, ನಂಗೆ ಅರ್ಥ ಆಗುತ್ತೆ..."

"ಮುಂದ ನೋಡಿ ಗಾಡಿ ಹೊಡಿ," ಎಂದರು ಅತ್ತೆ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ಕೂತರು.

ಕೇಳಬಾರದಿತ್ತು. ಕೇಳುವುದಿದ್ದರೆ ಏಪ್ರಿಲಿನಲ್ಲೇ ಕೇಳಬೇಕಿತ್ತು. ಅರೀಬಾ ಆ ರಾತ್ರಿ ಎಡಕ್ಕೂ ಬಲಕ್ಕೂ ಹೊರಳಿದಳು.

ಬೆಳಿಗ್ಗೆ ಏಳುವಾಗ ಹೊತ್ತಾಗಿತ್ತು. ಹಿತ್ತಲಿನ ಹಗ್ಗದ ಮೇಲೆ ಜಿಬ್ರಾನನ ಆಫೀಸು ಅಂಗಿಗಳು ಸಾಲಾಗಿ ನೀರು ತೊಟ್ಟಿಕ್ಕುತ್ತಿದ್ದವು. ಕೆಳಗೆ ಬಕೆಟ್ಟಿನ ಮುಂದೆ ಅತ್ತೆ ಕುಕ್ಕರಗಾಲಲ್ಲಿ ಕೂತು ಇನ್ನೊಂದನ್ನು ಕೈಯಲ್ಲೇ ಕುಕ್ಕುತ್ತಿದ್ದರು. ಯಂತ್ರದ ಕಡೆ ತಿರುಗಿಯೂ ನೋಡಿರಲಿಲ್ಲ.

"ಅವ್ವಾ, ಅವು ಆಫೀಸಿನ ಅಂಗಿ!" ಜಿಬ್ರಾನ್ ಅಡುಗೆಮನೆ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. "ಸೆಪ್ಟೆಂಬರ್‌ನ್ಯಾಗ ಆಫೀಸ್ ತಗೀತಾರಂತ."

"ಮಾರ್ಚಿನಿಂದ ಚಡ್ಡಿ ಮ್ಯಾಲ ಕುಂತು ಮೀಟಿಂಗ ಮಾಡಾಕತ್ತಿ. ಅಂಗಿ ಯಾತಕ್ಕ? ಕೂಸಿನ ಅಪ್ಪನ ಬೆವರ ಕುಡದ ಅರಿವಿ ಅದು. ಅರೀಬಾ, ನಿನ್ನ ಹಳೀ ಚೂಡಿದಾರನೂ ತೆಗಿ. ಅದರ ಮ್ಯಾಲ ಹೊದಿಯೂ ಓಡನಿ ಮೆತ್ತಗಿದ್ದರ ಇನ್ನೂ ಛಲೋ."

ಅರೀಬಾ ಮೆಟ್ಟಿಲ ಮೇಲೇ ನಿಂತಳು. ಇದರ ಅರ್ಥ ತಾನು ಅಂದುಕೊಂಡದ್ದೇನಾ, ಅಥವಾ ಹೋಗುವ ಮುನ್ನ ಬಟ್ಟೆ ಸಿದ್ಧಮಾಡಿಟ್ಟು ಹೋಗುತ್ತಿದ್ದಾರಾ? ಕೇಳಲು ಧೈರ್ಯ ಸಾಲಲಿಲ್ಲ.

ಫೋನು ರಿಂಗಾಯಿತು. ಜಿಬ್ರಾನ್ ಎತ್ತಿದ. ಹೂಂ, ಹೂಂ ಎಂದ. ಫೋನಿನ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಬಂದ. "ಅವ್ವಾ, ಸೀಟ್ ಐತಂತ. ಮುಂದಿನ ವಾರ. ಈಗ ಹೇಳಬೇಕಂತ."

ಅತ್ತೆ ಅಂಗಿಯ ಕಾಲರನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. "ಇನ್ನೂ ಗಂಜಿ ಬಿಟ್ಟಿಲ್ಲ ಇದು. ಭಾಳ ಸಲ ಒಗೀಬೇಕು."

"ಹಂಗಂತ ಅವರಿಗೆ ಹೇಳ್ಲೇನು? ಅಂಗಿ ಗಂಜಿ ಬಿಟ್ಟಿಲ್ಲ ಅಂತ?"

"ಕೂಸು ಬರೂಮಟ ಸೂಜಿ ಹಚ್ಚಂಗಿಲ್ಲ, ಹಚ್ಚಿದ ಮ್ಯಾಲ ಮುಗಿಸೂಮಟ ಏಳಂಗಿಲ್ಲ ಅಂತ ಹೇಳು. ಕೊನೀಗೆ ಕೌದಿ ಹೊಟ್ಟಿ ಹಸದಿರಬಾರದಂತ ಒಳಗ ರೊಟ್ಟಿ ತುಣುಕ ಇಟ್ಟು ಬಾಯಿ ಹೊಲದು ಮುಚ್ಚಬೇಕು. ಈಕಿಗೆ ರೊಟ್ಟಿ ಬಡಿಯಾಕ ಬರೂದಿಲ್ಲ." ಆಮೇಲೆ ಸೊಸೆಯ ಕಡೆ ನೋಡದೆ ಹೇಳಿದರು. "ನೀವಿಬ್ರೂ ದಿನಾ ಆ ವಿಮಾನದ ಸುದ್ದೀನ ತಗೀತಿದ್ರಿ. ಇರು ಅಂತ ಒಬ್ರೂ ಅನ್ನಲಿಲ್ಲ, ಅದಕ್ಕ ನಾನೂ ಹಟ ಹಿಡದೆ."

ಜಿಬ್ರಾನ್ ಫೋನಿನಲ್ಲಿ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತ ಒಳಗೆ ಹೋದ.

ಶಾಪ್ ಹಾಪ್ ಕಾರ್ಡು ಕಿಟಕಿಯ ಕಟ್ಟೆಯ ಮೇಲೆ ಬಿದ್ದಿತ್ತು, ಒಂದು ಚೌಕ ಖಾಲಿ. ಇನ್ನು ಅದು ತುಂಬುವುದಿಲ್ಲ. ಇಡೀ ದಿನದ ಪೆಟ್ರೋಲು, ಒಂದು ಉಂಡೆ ನೂಲು. ಹೋದದ್ದು ಸಾರ್ಥಕವಾಯಿತೇ ಎಂದು ಯಾರಾದರೂ ಕೇಳಿದ್ದರೆ ಅರೀಬಾ ಆಗಲೂ ಗಟ್ಟಿಯಾಗಿ ಹೌದೆನ್ನುತ್ತಿರಲಿಲ್ಲ. ಅಕ್ಟೋಬರ್ ಇನ್ನೂ ದೂರವಿತ್ತು. ಅಷ್ಟರಲ್ಲಿ ಏನೇನು ಮುಚ್ಚುತ್ತದೋ.

"ನೋಡ್ಕೊಂತ ನಿಲ್ಲಬ್ಯಾಡ," ಎಂದು ಅತ್ತೆ ಇನ್ನೂ ಒಗೆಯದ ಅಂಗಿಯೊಂದನ್ನು ಅವಳತ್ತ ಎಸೆದರು. "ಕುಂಡ್ರು. ಕತ್ತರಿ ತಗೊಂಡು ಗುಂಡಿ ಬಿಚ್ಚು. ಬಟ್ಟಿ ಹರೀಬಾರದು, ಸಾವಕಾಶ."

ಅವಳು ಕೂತಳು. ಬಟ್ಟೆಗೆ ತಾಗದ ಹಾಗೆ ಮೊದಲ ಗುಂಡಿಯ ದಾರಕ್ಕೆ ಕತ್ತರಿ ಇಟ್ಟಳು.